ಎನ್‌ಕ್ರಿಪ್ಟ್ ಮಾಡಿದ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮನೆಯ ಕಾಗದಪತ್ರ ಉಳಿಸಿಕೊಳ್ಳುವ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ರಾಯಚೂರಿನ ಸದಸ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇದೆ. ಅದನ್ನು ಹಾಕಿಕೊಳ್ಳುವಾಗಲೇ ಲಿನಕ್ಸ್‌ನ ಲಕ್ಸ್ (LUKS) ವಿಧಾನದಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಕೊಂಡಿದ್ದೇನೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡಿದ್ದೇನೆ. ಹೊಲದ ಪಹಣಿ, ತಂದೆಯವರ ಚಿಕಿತ್ಸೆಯ ವರದಿಗಳು, ಭತ್ತದ ಲೆಕ್ಕ, ಮನೆಮಂದಿಯ ಆಧಾರ್ ಮತ್ತು ಬ್ಯಾಂಕಿನ ಕಾಗದಗಳ ಪ್ರತಿಗಳು ಎಲ್ಲವೂ ಅದರಲ್ಲಿಯೇ ಇರುವುದರಿಂದ, ಯಂತ್ರ ಕಳುವಾದರೂ ಅವು ಬೇರೆಯವರ ಕೈಗೆ ಸಿಗಬಾರದೆಂಬುದು ಉದ್ದೇಶ. ಆದರೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಿನ ಬಿಸಿಲು, ಹೇಳದೆ ಕೇಳದೆ ಹೋಗುವ ಕರೆಂಟು, ಇವೆರಡನ್ನೂ ನೋಡಿದರೆ ಡಿಸ್ಕ್ ಎಂದಾದರೂ ಕೆಡುತ್ತದೆ ಎಂದುಕೊಂಡೇ ಸಿದ್ಧತೆ ಮಾಡಿಕೊಳ್ಳಬೇಕೆನಿಸುತ್ತದೆ. ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಸ್ವಲ್ಪ ಭಾಗ ಹಾಳಾದರೂ ಎಲ್ಲವೂ ಹೋದಂತೆಯೇ? ನನಗೇನಾದರೂ ಆದರೆ ಮನೆಯವರು ಅದನ್ನು ತೆರೆಯುವಂತಿರಬೇಕು. ಅದಕ್ಕೆ ಏನೇನು ತೆಗೆದಿರಿಸಿಕೊಳ್ಳಬೇಕು?

ಉತ್ತರ: ಬಳ್ಳಾರಿಯ ಸದಸ್ಯ

ಸರ್, ಎಲ್ಲಿ ಹಾಳಾಯಿತು ಎನ್ನುವುದರ ಮೇಲೆ ನಷ್ಟ ನಿಂತಿದೆ. ಲಕ್ಸ್ ಡಿಸ್ಕನ್ನು ಒಂದೊಂದು ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಆಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಆದ್ದರಿಂದ ನಡುವೆ ಎಲ್ಲೋ ಒಂದು ಸೆಕ್ಟರ್ ಕೆಟ್ಟರೆ, ಎನ್‌ಕ್ರಿಪ್ಷನ್ ಇಲ್ಲದ ಡಿಸ್ಕಿನಲ್ಲಿ ಹೇಗೋ ಹಾಗೆಯೇ, ಅಷ್ಟು ಭಾಗ ಮಾತ್ರ ಹೋಗುತ್ತದೆ. ಭಯಪಡಬೇಕಾದದ್ದು ಲಕ್ಸ್ ವಿಭಾಗದ ಆರಂಭದಲ್ಲಿರುವ ಹೆಡರ್‌ ಬಗ್ಗೆ. ಮಾಹಿತಿಯನ್ನು ಬಿಡಿಸುವ ನಿಜವಾದ ಕೀಲಿ ನಿಮ್ಮ ಪಾಸ್‌ವರ್ಡ್ ಅಲ್ಲ. ಆ ಕೀಲಿಯನ್ನು ಪಾಸ್‌ವರ್ಡ್‌ನಿಂದ ಮುಚ್ಚಿ ಹೆಡರ್‌ನಲ್ಲಿ ಇರಿಸಲಾಗಿರುತ್ತದೆ. ಆ ಕೀಲಿ ಇರುವ ಜಾಗ ಹಾಳಾದರೆ, ಪಾಸ್‌ವರ್ಡ್ ಬಾಯಿಪಾಠವಿದ್ದರೂ, ಉಳಿದ ಡಿಸ್ಕೆಲ್ಲ ನೆಟ್ಟಗಿದ್ದರೂ, ಒಂದು ಫೈಲೂ ಸಿಗುವುದಿಲ್ಲ.

ಲಕ್ಸ್‌ನ ಎರಡನೇ ಆವೃತ್ತಿಯಲ್ಲಿ ಹೆಡರ್ ಸಾಮಾನ್ಯವಾಗಿ 16 ಎಂಬಿ ಅಷ್ಟೇ ಇರುತ್ತದೆ. ಲಕ್ಸ್ ನಿರ್ವಹಿಸುವ ಕ್ರಿಪ್ಟ್‌ಸೆಟಪ್ (cryptsetup) ತಂತ್ರಾಂಶದಲ್ಲಿ ಲಕ್ಸ್‌ಹೆಡರ್‌ಬ್ಯಾಕಪ್ (luksHeaderBackup) ಎಂಬ ಕಮಾಂಡ್ ಇದೆ. ಅದರಿಂದ ಇಂದೇ ಒಂದು ಪ್ರತಿ ತೆಗೆದು ಪೆನ್‌ಡ್ರೈವ್‌ನಲ್ಲಿ ಇರಿಸಿ, ಮೂಲ ಡಿಸ್ಕಿನಲ್ಲಿ ಮಾತ್ರ ಬೇಡ. ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ: ಮುಂದೆ ನೀವು ಪಾಸ್‌ವರ್ಡ್ ಬದಲಿಸಿದರೂ ಹಳೆಯ ಹೆಡರ್ ಪ್ರತಿಯಲ್ಲಿ ಹಳೆಯ ಪಾಸ್‌ವರ್ಡೇ ನಡೆಯುತ್ತದೆ. ಬದಲಿಸಿದಾಗಲೆಲ್ಲ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶಮಾಡಿ.

ಮನೆಯವರಿಗಾಗಿ ಬೇರೆಯೇ ಒಂದು ಪಾಸ್‌ವರ್ಡ್ ಸೇರಿಸಬಹುದು. ಎರಡನೇ ಆವೃತ್ತಿಯಲ್ಲಿ 32ರವರೆಗೆ ಕೀಲಿ ಸ್ಥಾನಗಳಿವೆ, ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್ ಇರಬಹುದು. ಮನೆಯವರ ಪಾಸ್‌ವರ್ಡನ್ನು ಕಾಗದದ ಮೇಲೆ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದು, ಹೊಲದ ಮೂಲಪತ್ರಗಳ ಜೊತೆ ಬೀರುವಿನಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಿಸಿ. ಪಾಸ್‌ವರ್ಡ್‌ಗಳ ಫೈಲು ಅದೇ ಡಿಸ್ಕಿನ ಒಳಗಿದ್ದರೆ, ಕಪಾಟಿನ ಕೀಲಿಯನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದಂತೆ.

ಇದೆಲ್ಲ ಆದರೂ ಡಿಸ್ಕ್ ಪೂರ್ತಿ ಸತ್ತರೆ ಹೆಡರ್ ಪ್ರತಿಯಿಂದ ಏನೂ ಪ್ರಯೋಜನವಿಲ್ಲ. ಫೈಲುಗಳ ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಲೇಬೇಕು, ಅದೂ ಎನ್‌ಕ್ರಿಪ್ಟ್ ಆಗಿರಬೇಕು, ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿರಬೇಕು.

ಉತ್ತರ: ಕೊಪ್ಪಳದ ಸದಸ್ಯ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಡಿಸ್ಕ್ ಕೆಡಲು ಶುರುವಾದ ಹೊತ್ತಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಆಗಲೇ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ (SMART) ವರದಿಯಲ್ಲಿ 5 ಮತ್ತು 197ನೇ ಸಂಖ್ಯೆಯ ಸಾಲುಗಳನ್ನು ಆಗಾಗ ನೋಡಿ: ಮೊದಲನೆಯದು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ಉಳಿದವುಗಳದ್ದು. ಕೊನೆಯ ಅಂಕಣದಲ್ಲಿ ಸೊನ್ನೆ ಇದ್ದದ್ದು ಏರುತ್ತಾ ಹೋದರೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ, ರಿಪೇರಿ ತಂತ್ರಾಂಶವನ್ನೂ ಓಡಿಸಬೇಡಿ. ಮೊದಲು ಕೆಡುತ್ತಿರುವ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ (ddrescue) ತಂತ್ರಾಂಶದಿಂದ ಇಡೀ ಡಿಸ್ಕನ್ನು, ಎನ್‌ಕ್ರಿಪ್ಟ್ ಆಗಿರುವ ಹಾಗೆಯೇ, ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಆ ನಕಲಿನಲ್ಲಿ ಪಾಸ್‌ವರ್ಡ್ ಕೊಟ್ಟು ತೆರೆಯಿರಿ.

ಅಂಗಡಿಗೆ ಒಯ್ಯುವ ಮುನ್ನ ಇದನ್ನು ನೆನಪಿಡಿ. ಲಕ್ಸ್ ವಿಭಾಗ ವಿಂಡೋಸ್‌ಗೆ ಅರ್ಥವಾಗುವುದಿಲ್ಲ; ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದೊಡನೆ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಪರದೆಯ ಮೇಲೆ ಬರಬಹುದು. ಕೆಲಸದ ಅವಸರದಲ್ಲಿರುವ ಹುಡುಗ ಅದಕ್ಕೆ ಒಪ್ಪಿಗೆ ಕೊಟ್ಟುಬಿಟ್ಟರೆ ಹೆಡರ್ ಮೇಲೆಯೇ ಬರೆದಂತಾಗುತ್ತದೆ. ಡಿಸ್ಕಿನ ಮೇಲೆ ಚೀಟಿ ಅಂಟಿಸಿ ಕೊಡುವುದು ಅತಿಯಾದ ಎಚ್ಚರವೇನಲ್ಲ. ಎನ್‌ಕ್ರಿಪ್ಷನ್‌ನ ಒಂದು ದೊಡ್ಡ ಉಪಕಾರವೂ ಇಲ್ಲಿಯೇ ಇದೆ: ಕೆಟ್ಟ ಡಿಸ್ಕನ್ನು ಅಳಿಸಲಾಗದಿದ್ದರೂ ವಾರಂಟಿಗೆ ನಿಶ್ಚಿಂತೆಯಿಂದ ಕಳುಹಿಸಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದಗಳು. ಎರಡನೇ ಬ್ಯಾಕಪ್ ಡಿಸ್ಕನ್ನು ಸಿಂಧನೂರಿನಲ್ಲಿರುವ ಅಕ್ಕನ ಮನೆಯಲ್ಲಿ ಇರಿಸುವ ವಿಚಾರವಿದೆ. ಅವರದು ವಿಂಡೋಸ್ ಲ್ಯಾಪ್‌ಟಾಪ್. ಅಗತ್ಯ ಬಿದ್ದರೆ ಅದರಲ್ಲಿಯೂ ತೆರೆಯುವಂತೆ ಮಾಡಲು ಸಾಧ್ಯವೇ? ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇರಿಸುವ ಡಿಸ್ಕ್) ಕೊಳ್ಳಲೇ, ಹಾರ್ಡ್ ಡಿಸ್ಕ್ ಸಾಕೇ?

ಉತ್ತರ: ಬಳ್ಳಾರಿಯ ಸದಸ್ಯ

ಆ ಡಿಸ್ಕಿಗೆ ವೆರಾಕ್ರಿಪ್ಟ್ (VeraCrypt) ಎಂಬ ಎನ್‌ಕ್ರಿಪ್ಷನ್ ತಂತ್ರಾಂಶ ಬಳಸಿ. ಒಳಗೆ ಎಕ್ಸ್‌ಫ್ಯಾಟ್ (exFAT) ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡರೆ ಲಿನಕ್ಸ್, ವಿಂಡೋಸ್ ಎರಡರಲ್ಲೂ ತೆರೆಯುತ್ತದೆ. ತನ್ನ ಹೆಡರಿನ ಇನ್ನೊಂದು ಪ್ರತಿಯನ್ನು ವೆರಾಕ್ರಿಪ್ಟ್ ತಾನಾಗಿಯೇ ಕೊನೆಯ ಭಾಗದಲ್ಲಿ ಇರಿಸಿಕೊಳ್ಳುವುದೂ ಅನುಕೂಲ. ತಿಂಗಳುಗಟ್ಟಲೆ ಬೀರುವಿನಲ್ಲಿ ಸುಮ್ಮನೆ ಇರುವುದಕ್ಕೆ ಹಾರ್ಡ್ ಡಿಸ್ಕೇ ಮೇಲು. ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ ಬಹಳ ಕಾಲ ಇದ್ದರೆ ಅದರಲ್ಲಿನ ಮಾಹಿತಿ ಕ್ರಮೇಣ ಮಾಸಬಹುದು. ಸೆಕೆ ಹೆಚ್ಚಿದಷ್ಟೂ ಅದು ಬೇಗ ಆಗುತ್ತದೆ.

ಅಕ್ಕನವರ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿ. ಈಗಿನ ಹಲವು ವಿಂಡೋಸ್ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ಮುದ್ರಿಸಿ ಕೊಟ್ಟು ಬನ್ನಿ.

ಸಿಂಧನೂರಿಗೆ ಡಿಸ್ಕ್ ಒಯ್ದ ದಿನವೇ, ನೀವು ಪಕ್ಕದಲ್ಲಿ ಕುಳಿತು ಸುಮ್ಮನಿದ್ದು, ಬರೆದಿಟ್ಟ ಕಾಗದವೊಂದನ್ನೇ ನೋಡಿಕೊಂಡು ಅವರೇ ಅದನ್ನು ತೆರೆದು ಒಂದು ಪಹಣಿಯನ್ನು ಪರದೆಯ ಮೇಲೆ ತರಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಆ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ.