ರಾಸ್ ಅಲ್ ಖೈಮಾ ಬೆಟ್ಟಗಳಲ್ಲಿ ಒಬ್ಬನೇ, ದಾರಿ ಇಲ್ಲದ ಕಡೆ ಚಾರಣ: ಏನೇನು ನೋಡಿಕೊಳ್ಳಬೇಕು?

ಮಲ್ಪೆ_ಹುಡುಗ:
ಜನವರಿಯಲ್ಲಿ ದುಬೈಯ ಅಕ್ಕ-ಭಾವನ ಮನೆಗೆ ಹೋಗುತ್ತಿದ್ದೇನೆ. ಒಂದು ದಿನ ರಾಸ್ ಅಲ್ ಖೈಮಾ ಕಡೆಯ ಹಜರ್ ಬೆಟ್ಟಗಳಲ್ಲಿ ಒಬ್ಬನೇ ನಡೆಯುವ ಆಸೆ. ಗುರುತು ಹಾಕಿದ ದಾರಿ ಬೇಡ. ಒಂದು ಒಣ ಕಣಿವೆ ಹಿಡಿದು ಹತ್ತಿ, ಬೆಟ್ಟದ ಏಣಿನಲ್ಲಿ ನಡೆದು, ಇನ್ನೊಂದು ಕಣಿವೆಯಲ್ಲಿ ಇಳಿಯುವ ಯೋಚನೆ. ಕೊಡಚಾದ್ರಿ, ಕುದುರೆಮುಖ ಹತ್ತಿದ್ದೇನೆ. ಆ ಅಭ್ಯಾಸ ಸಾಕಾ? ನೀರು ಎಷ್ಟು ಬೇಕು? ಬೆಳಿಗ್ಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು ಭಾವ.

ಸುರತ್ಕಲ್_ಮಾವ:
ಕಾಲಿಗೆ ಆ ಅಭ್ಯಾಸ ಸಾಕು. ಆದರೆ ಇನ್ನೊಂದು ಕಣಿವೆಯಲ್ಲಿ ಇಳಿಯುವ ಯೋಚನೆ ಬಿಡಿ ಮಾರಾಯ್ರೆ. ನಾನು ಅಲ್ಲೇ ಕೆಲಸದಲ್ಲಿದ್ದವ. ಆಗ ಶುಕ್ರವಾರ ರಜೆ, ರಜೆ ಬಂತೆಂದರೆ ಈ ಬೆಟ್ಟಗಳೇ.

ನಮ್ಮ ಘಟ್ಟದಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ ಅನ್ನುತ್ತಾರಲ್ವಾ? ಅಲ್ಲಿ ಅದನ್ನು ನಂಬಬೇಡಿ. ಮಳೆ ಬಂದಾಗ ಜಲಪಾತ ಆಗುವ ಜಾಗ ಉಳಿದ ದಿನ ಬರೀ ಒಣ ಬಂಡೆಯ ಗೋಡೆ. ಮೇಲಿನಿಂದ ಬರುವವನಿಗೆ ತುದಿಗೆ ಬರುವ ತನಕ ಅದು ಕಾಣುವುದೇ ಇಲ್ಲ. ನೀರು ಉಜ್ಜಿ ಉಜ್ಜಿ ಸುಣ್ಣಕಲ್ಲು ನುಣ್ಣಗಾಗಿರುತ್ತದೆ. ಎಂಟಡಿ ಜಾರಿ ಇಳಿದಿರಿ ಅಂತ ಇಟ್ಟುಕೊಳ್ಳಿ. ಮುಂದೆ ಮೂವತ್ತಡಿ ಗೋಡೆ, ಹಿಂದೆ ಹಿಡಿಯಲು ಒಂದು ಬಿರುಕೂ ಇಲ್ಲ. ಒಬ್ಬನೇ ಇದ್ದರೆ ಆಮೇಲೆ ಮಾಡುವುದೆಂತ? ಆದ್ದರಿಂದ ವಾಪಸ್ ಹತ್ತಲು ಆಗದ ಕಡೆ ಇಳಿಯಲೇಬೇಡಿ. ಹತ್ತಿದ ಕಣಿವೆಯಲ್ಲೇ ಇಳಿಯಿರಿ, ಅದರ ಗೋಡೆಗಳು ನಿಮಗೆ ಗೊತ್ತಿರುತ್ತವೆ.

ಏಣಿನಲ್ಲಿ ಇಳಿಯುವಾಗ ಇನ್ನೊಂದು ತೊಂದರೆ. ಹತ್ತುವಾಗ ಏಣುಗಳೆಲ್ಲ ನೆತ್ತಿಯಲ್ಲಿ ಸೇರುತ್ತವೆ, ಇಳಿಯುವಾಗ ಕವಲೊಡೆಯುತ್ತವೆ. ತಪ್ಪು ಕವಲು ಹಿಡಿದರೆ ಕೊನೆಗೆ ಸಿಗುವುದು ಕಡಿದಾದ ಬಂಡೆ. ಕಣಿವೆಯದು ಇದಕ್ಕೆ ಉಲ್ಟಾ, ಹತ್ತುವಾಗ ಕವಲು. ಹಾಗಾಗಿ ಪ್ರತಿ ಕವಲಲ್ಲೂ ಹಿಂದೆ ತಿರುಗಿ ಒಂದು ಫೋಟೋ ತೆಗೆಯಿರಿ. ಬರುವಾಗ ಜಾಗ ಪೂರ್ತಿ ಬೇರೆ ಕಾಣುತ್ತದೆ.

ಕಲ್ಲು ಹಿಡಿಯುವ ಮೊದಲು ಅಂಗೈಯಲ್ಲಿ ಬಡಿದು ನೋಡಿ. ಸಡಿಲ ಇದ್ದರೆ ಟೊಳ್ಳು ಸದ್ದು ಬರುತ್ತದೆ. ಇಳಿಜಾರಿನ ಜಲ್ಲಿಯಲ್ಲಿ ನಡೆಯುವುದು ಒಡೆದ ಹೆಂಚಿನ ರಾಶಿ ಮೇಲೆ ನಡೆದ ಹಾಗೆ. ತೆಳು ಶೂ ಬೇಡ. ಆಡು ನಡೆದ ಹಾದಿ ಸಿಕ್ಕಿದರೆ ಒಳ್ಳೆಯದು, ಆದರೆ ಆಡು ಹೋಗುವ ಕಡೆಯೆಲ್ಲ ಮನುಷ್ಯ ಹೋಗಲಾರ.

ಜನವರಿಯಾದರೂ ನಾಲ್ಕೈದು ಲೀಟರ್ ನೀರು ಇರಲಿ. ಇಲ್ಲಿ ಅಂಗಿ ಒದ್ದೆಯಾಗಿ ಬೆವರಿದ್ದು ಗೊತ್ತಾಗುತ್ತದೆ. ಅಲ್ಲಿ ಬೆವರು ಆಗಲೇ ಆರಿ, ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಅರ್ಧ ನೀರು ಮುಗಿಯುವ ಮೊದಲೇ ತಿರುಗಿ.

ಕದ್ರಿ_ಕವಿತಾ:
ಮಳೆಯ ಮಾತು ಸೇರಿಸುತ್ತೇನೆ. ಅಲ್ಲಿ ಮಳೆ ಜಾಸ್ತಿ ಬರುವುದೇ ಚಳಿಗಾಲದಲ್ಲಿ. ಬೋಳು ಬಂಡೆ ನೀರು ಕುಡಿಯುವುದಿಲ್ಲ, ಎಲ್ಲ ಕಣಿವೆಗೆ ಇಳಿಯುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಕೆಳಗೆ ನುಗ್ಗಬಹುದು. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆಯ ಖತಮ್ ಅಲ್ ಶಕ್ಲಾದಲ್ಲಿ ಒಂದೇ ದಿನದೊಳಗೆ 254 ಮಿಲಿಮೀಟರ್ ಬಿತ್ತು. ಮುನ್ಸೂಚನೆಯಲ್ಲಿ ಮಳೆ ಅಂತಿದ್ದರೆ ಆ ದಿನ ಹೋಗಬೇಡಿ.

ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಜಿಪಿಎಸ್‌ಗೆ ಸಿಗ್ನಲ್ ಬೇಡ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಒಮಾನ್ ಗಡಿ ಆ ಬೆಟ್ಟಗಳ ಮೇಲೇ ಹಾದುಹೋಗುತ್ತದೆ, ಅದನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ. ಎಷ್ಟು ಗಂಟೆಯೊಳಗೆ ನಿಮ್ಮ ಸುದ್ದಿ ಇಲ್ಲದಿದ್ದರೆ ಅಲ್ಲಿನ ಪೊಲೀಸ್ ನಂಬರ್ 999ಕ್ಕೆ ಫೋನ್ ಮಾಡಬೇಕು ಅಂತ ಭಾವನ ಹತ್ತಿರ ಬರೆದುಕೊಡಿ. ಇನ್ನೊಂದು, ಸ್ಯಾಟಲೈಟ್ ಫೋನ್ ಅಲ್ಲಿ ಕೊಂಡು ಮಂಗಳೂರಿಗೆ ತರಬೇಡಿ. ಅನುಮತಿ ಇಲ್ಲದೆ ತಂದರೆ ಇಲ್ಲಿ ಕೇಸ್ ಆಗುತ್ತದೆ.

ಮಲ್ಪೆ_ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಸರಿ, ಹತ್ತಿದ ಕಣಿವೆಯಲ್ಲೇ ಇಳಿಯುತ್ತೇನೆ. ವಾಪಸ್ ತಿರುಗುವ ಹೊತ್ತು ಎಷ್ಟಕ್ಕೆ ಇಟ್ಟುಕೊಳ್ಳಲಿ?

ಸುರತ್ಕಲ್_ಮಾವ:
ಹನ್ನೆರಡು. ನೆತ್ತಿ ಎದುರಿಗೇ ಕಾಣುತ್ತಿದ್ದರೂ ಹನ್ನೆರಡೇ. ಇಳಿಯಲು ಹತ್ತಿದಷ್ಟೇ ಹೊತ್ತು ಬೇಕು, ಜನವರಿಯಲ್ಲಿ ಕಣಿವೆಯೊಳಗೆ ಬೇಗ ಕತ್ತಲಾಗುತ್ತದೆ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.