ಸಹಾಯ ಬೇಕು: ಉಲ್ಲೇಖಪಟ್ಟಿಯಲ್ಲಿ ಗೋವಿಂದ ಪೈಗಳು ‘ಜಿ’ಯಲ್ಲೋ ‘ಪಿ’ಯಲ್ಲೋ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿನಿ. ಮಂಜೇಶ್ವರದ ಗೋವಿಂದ ಪೈಗಳ (1883–1963) ಬಗ್ಗೆ ನಾನು ಬರೆದ ಲೇಖನವನ್ನು ಇಂಗ್ಲಿಷ್ ಜರ್ನಲೊಂದು ಒಪ್ಪಿದೆ. ಆದರೆ ಉಲ್ಲೇಖಗಳನ್ನೆಲ್ಲ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ 7ನೇ ಆವೃತ್ತಿಯ ಕ್ರಮಕ್ಕೆ ತರಬೇಕಂತೆ.

ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದ ಚೌಕ ಆವರಣದಲ್ಲಿ ಇಂಗ್ಲಿಷ್ ಅರ್ಥ ಕೊಡಬೇಕು, ಅದು ಗೊತ್ತು. ತೊಡಕಿರುವುದು ಹೆಸರುಗಳಲ್ಲಿ. ಕನ್ನಡದಲ್ಲಿ ‘ಗೋವಿಂದ ಪೈ, ಎಂ.’ ಎಂದು ಬರೆದು ರೂಢಿ. ಉಲ್ಲೇಖಪಟ್ಟಿ ಸಿದ್ಧಪಡಿಸುವ ತಂತ್ರಾಂಶ ಝೊಟೆರೊದಲ್ಲಿ ‘ಪೈ’ಯನ್ನು ಕುಲನಾಮವೆಂದು ತುಂಬಿದರೆ ‘ಪಿ’ಗೆ ಹೋಗುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳದ್ದು ಇನ್ನೂ ಕಷ್ಟ. ‘ಕಯ್ಯಾರ’ ಊರಿನ ಹೆಸರು, ಅದನ್ನು ಕುಲನಾಮ ಮಾಡಲು ಮನಸ್ಸು ಒಪ್ಪುವುದಿಲ್ಲ. ಆ ‘ಞ್ಞ’ವನ್ನು ರೋಮನ್ನಿನಲ್ಲಿ ಹೇಗೆ ಬರೆಯುತ್ತೀರಿ?

ಕನ್ನಡ ಆಕರಗಳಿಟ್ಟು ಪ್ರಕಟಿಸಿದವರು ದಯವಿಟ್ಟು ತಿಳಿಸಿ. ಸೋಮವಾರದೊಳಗೆ ಕಳಿಸಬೇಕು. ನಮ್ಮ ಹಿರಿಯರ ಹೆಸರು ತಪ್ಪಾಗಿ ಅಚ್ಚಾಗಬಾರದು.