.44 ಮ್ಯಾಗ್ನಮ್ ರಿವಾಲ್ವರ್: ಕ್ರೇನ್ (ಗುಂಡು ತುಂಬುವ ಸಿಲಿಂಡರ್ ಹಿಡಿದು ಹೊರಗೆ ತಿರುಗುವ ತೋಳು) ಒಳಗಿನ ನಂಬರ್ ಬೇರೆ, ಹಿಡಿ ಕೆಳಗಿನ ನಂಬರ್ ಬೇರೆ. ಡೀಲರ್ ಅರ್ಧ ಬೆಲೆ ಕೇಳುತ್ತಿದ್ದಾನೆ

ಹಾಸನ_ಟು_ಟೆಕ್ಸಾಸ್:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಒಂದು ಎಸ್ಟೇಟ್ ಸೇಲ್‌ನಲ್ಲಿ ಸ್ಮಿತ್ ಅಂಡ್ ವೆಸನ್ .44 ತಗೊಂಡಿದ್ದೆ. ಹಳೆಯದು, ಮೊದಮೊದಲು ಬಂದ ಮಾಲು ಅಂತ ಹೇಳಿ ಕೊಟ್ಟರು. ಈಗ ಮಾರೋಣ ಅಂತ ಊರಿನ ಒಬ್ಬ ಡೀಲರ್ ಹತ್ತಿರ ಒಯ್ದೆ. ಸಿಲಿಂಡರ್ ಹೊರಗೆ ತೆಗೆದು, ಟಾರ್ಚ್ ಬಿಟ್ಟು ನೋಡಿ, "ನಂಬರ್ ಮ್ಯಾಚ್ ಆಗುತ್ತಿಲ್ಲ, ಯಾರೋ ಬಿಡಿಭಾಗ ಸೇರಿಸಿ ಕಟ್ಟಿದ್ದಾರೆ" ಅಂತ ಅರ್ಧಕ್ಕೆ ಕೇಳಿದ. ಮಾಡೆಲ್ ನಂಬರ್ ಕೂಡ ಎಲ್ಲೂ ಇಲ್ಲ. ನಾನು ಮೋಸ ಹೋದೆನಾ? ಇದರ ನಿಜವಾದ ಬೆಲೆ ಎಷ್ಟು? ಬೇಗ ಹೇಳಿ, ಶನಿವಾರ ಮತ್ತೆ ಬಾ ಅಂದಿದ್ದಾನೆ.

ಎನ್_ಫ್ರೇಮ್_ನಾಯಕ್:
ಸ್ವಾಮಿ, ".44" ಅಂದರೆ ಸ್ಪೆಷಲ್ಲಾ, ಮ್ಯಾಗ್ನಮ್ಮಾ? ಬ್ಯಾರೆಲ್ ಎಷ್ಟು ಇಂಚು? ಸ್ಕ್ರೂ ಎಷ್ಟು? ಹಿಡಿ ಕೆಳಗಿನ ನಂಬರ್ ಯಾವ ಅಕ್ಷರದಿಂದ ಶುರುವಾಗುತ್ತದೆ? ಪೂರ್ತಿ ನಂಬರ್ ಹಾಕಬೇಡಿ, ಮೊದಲ ಮೂರು ಅಂಕಿ ಸಾಕು. ಫೋಟೋ ಇಲ್ಲದೆ ಬೆಲೆ ಕೇಳಿದರೆ ಏನು ಹೇಳೋಣ?

ಹಾರ್ಟ್‌ಫರ್ಡ್_ಹೆಗಡೆ:
ಡೀಲರ್ ಹೇಳಿದ್ದು ಸರಿ ಇದೆ. ಕ್ರೇನ್ ತೆರೆದಾಗ ಫ್ರೇಮ್ ಮೇಲೆ ಕಾಣುವುದೇ ಸೀರಿಯಲ್ ನಂಬರ್. ನನ್ನ ಹತ್ತಿರ ಇರುವ ಕೋಲ್ಟ್ ಪೈಥಾನ್, ಅಫಿಷಿಯಲ್ ಪೋಲೀಸ್ ಎಲ್ಲದರಲ್ಲೂ ಅಲ್ಲೇ ಇದೆ. ಅದು ಬೇರೆ, ಹಿಡಿಯದ್ದು ಬೇರೆ ಅಂದರೆ ಕಥೆ ಮುಗಿಯಿತು. ಕೊಟ್ಟಷ್ಟು ತಗೊಂಡು ಬನ್ನಿ.

ಹಾಸನ_ಟು_ಟೆಕ್ಸಾಸ್:
ಮ್ಯಾಗ್ನಮ್ ಅಂತ ಬ್ಯಾರೆಲ್ ಮೇಲೇ ಬರೆದಿದೆ. ಆರೂವರೆ ಇಂಚು. ನಂಬರ್ ಎಸ್ 147 ಅಂತ ಶುರು. ಸ್ಕ್ರೂ ನಾಲ್ಕು. ಕ್ರೇನ್ ಒಳಗಿನ ನಂಬರಿಗೆ ಎಸ್ ಇಲ್ಲ, ಬರೀ ಐದು ಅಂಕಿ. ಹೆಗಡೆಯವರ ಮಾತು ಕೇಳಿ ಹೊಟ್ಟೆ ಉರೀತಿದೆ.

ಎನ್_ಫ್ರೇಮ್_ನಾಯಕ್:
ಉರಿ ಆರಿಸಿಕೊಳ್ಳಿ. ಹೆಗಡೆಯವರು ಹೇಳಿದ್ದು ಕೋಲ್ಟ್‌ಗೆ ಸರಿ, ಸ್ಮಿತ್‌ಗೆ ಅಲ್ಲ. ಆ ಕಾಲದ ಸ್ಮಿತ್‌ನಲ್ಲಿ ಸೀರಿಯಲ್ ನಂಬರ್ ಇರುವುದು ಹಿಡಿಯ ತಳದಲ್ಲಿ. ಕ್ರೇನ್ ಒಳಗೆ ಇರುವುದು ಜೋಡಣೆ ನಂಬರ್. ಫ್ರೇಮ್, ಕ್ರೇನ್, ಸೈಡ್‌ಪ್ಲೇಟ್ (ಪಕ್ಕದ ಮುಚ್ಚಳ) ಮೂರನ್ನೂ ಕೈಯಲ್ಲಿ ಉಜ್ಜಿ ಒಂದಕ್ಕೊಂದು ಕೂರಿಸುತ್ತಿದ್ದರು. ಆಮೇಲೆ ಬಿಚ್ಚಿ ಪಾಲಿಶ್, ಬ್ಲೂಯಿಂಗ್‌ಗೆ (ಉಕ್ಕಿಗೆ ನೀಲಿ-ಕಪ್ಪು ಬಣ್ಣ ಕೊಡುವುದಕ್ಕೆ) ಕಳಿಸುತ್ತಿದ್ದರು. ವಾಪಸ್ ಬಂದಾಗ ಅದದೇ ಮೂರು ಮತ್ತೆ ಸೇರಬೇಕಲ್ಲ, ಅದಕ್ಕೆ ಆ ಗುರುತು. ಲಾಂಡ್ರಿಯವರು ಬಟ್ಟೆಗೆ ಇಂಕಿನಲ್ಲಿ ಹಾಕುವ ಗುರುತಿನ ಹಾಗೆ. ಸೀರಿಯಲ್‌ಗೆ ಅದು ಹೊಂದಬೇಕಾಗಿಯೇ ಇಲ್ಲ.

ಹೊಂದಬೇಕಾದ ಜಾಗಗಳು ಬೇರೆ: ಸಿಲಿಂಡರ್‌ನ ಹಿಂಬದಿ, ಬ್ಯಾರೆಲ್ ತಳದಲ್ಲಿ ಎಜೆಕ್ಟರ್ ರಾಡ್ (ಖಾಲಿ ಕೇಸ್ ಹೊರಗೆ ತಳ್ಳುವ ಸರಳು) ಕೂರುವ ತೋಡಿನ ಚಪ್ಪಟೆ ಭಾಗ, ಎಕ್ಸ್‌ಟ್ರ್ಯಾಕ್ಟರ್ ಸ್ಟಾರ್ ಅಂದರೆ ಅದೇ ರಾಡ್‌ನ ತಲೆಯ ನಕ್ಷತ್ರಾಕಾರದ ಭಾಗದ ಒಳಮೈ, ಬಲಗಡೆ ಮರದ ಹಿಡಿಯ ಒಳಗೆ. ಈ ನಾಲ್ಕು ನೋಡಿ. ಡೀಲರ್ ಈ ನಾಲ್ಕರಲ್ಲಿ ಒಂದನ್ನೂ ನೋಡಿಲ್ಲ ಅನ್ನಿಸುತ್ತದೆ. ಅಥವಾ ನೋಡಿಯೇ ಹಾಗೆ ಹೇಳಿದನೋ ಏನೋ.

ಮಾಡೆಲ್ ನಂಬರ್ ಇಲ್ಲದಿರುವುದು ಒಳ್ಳೆಯ ಲಕ್ಷಣ. ಈ .44 ಮ್ಯಾಗ್ನಮ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಆಗ ಪಟ್ಟಿಯ ಬೆಲೆ 140 ಡಾಲರ್. "29" ಅಂತ ಮಾಡೆಲ್ ನಂಬರ್ ಮುದ್ರೆ ಬೀಳಲು ಶುರುವಾದದ್ದು 1957ರಿಂದ.

ಹಾರ್ಟ್‌ಫರ್ಡ್_ಹೆಗಡೆ:
ನಾಯಕ್, ನಾನು ನಿಮಗಿಂತ ಜಾಸ್ತಿ ರಿವಾಲ್ವರ್ ನೋಡಿದ್ದೇನೆ. ಕೋಲ್ಟ್ ಆದರೇನು ಸ್ಮಿತ್ ಆದರೇನು, ಫ್ರೇಮ್ ಮೇಲಿನ ನಂಬರ್ ಫ್ರೇಮ್ ನಂಬರೇ. ಹೋಗಲಿ, ಸ್ಕ್ರೂ ನಾಲ್ಕು ಅಂತ ಅವರೇ ಹೇಳಿದರಲ್ಲ. ಐದು ಸ್ಕ್ರೂ ಇದ್ದರೆ ತಾನೇ ಮೊದಲ ಮಾಲು?

ಎನ್_ಫ್ರೇಮ್_ನಾಯಕ್:
ಹಿಡಿಯ ತಳ ಫ್ರೇಮ್ ಅಲ್ಲದೆ ಇನ್ನೇನು ಹೆಗಡೆಯವರೇ?

ಸ್ಕ್ರೂ ವಿಷಯ. ಹಾಸನದವರೇ, ಹಿಡಿ ಬಿಚ್ಚಿ ಎಣಿಸಿದ್ರಾ? ಬಲಗಡೆ ಸೈಡ್‌ಪ್ಲೇಟ್ ಮೇಲೆ ಮೂರು ಕಾಣುತ್ತವೆ, ನಾಲ್ಕನೆಯದು ಮರದ ಹಿಡಿ ಕೆಳಗೆ ಅಡಗಿರುತ್ತದೆ. ಐದನೆಯದು ಟ್ರಿಗರ್ ಗಾರ್ಡ್ ಮುಂದೆ. ಹೊರಗಿನಿಂದ ಎಣಿಸಿದರೆ ಎಲ್ಲರಿಗೂ ನಾಲ್ಕೇ ಸಿಗುತ್ತದೆ. ಎಸ್ 167500ರ ಆಸುಪಾಸಿನಲ್ಲಿ ಮೇಲುಗಡೆ ಸುತ್ತಿಗೆಯ (ಹ್ಯಾಮರ್) ಹತ್ತಿರದ ಸ್ಕ್ರೂ ಹೋಯಿತು. ನಿಮ್ಮದು 147. ಐದು ಇರಲೇಬೇಕು. ಹಿಡಿ ಬಿಚ್ಚುವಾಗ ಸರಿಯಾದ ಅಗಲದ, ಬಾಯಿ ಸಮಾನಾಂತರವಾಗಿ ಕೊರೆದ ಗನ್‌ಸ್ಮಿತ್ ಸ್ಕ್ರೂಡ್ರೈವರ್ ಬಳಸಿ. ಅಡುಗೆಮನೆ ಡ್ರಾಯರ್‌ನಲ್ಲಿ ಸಿಕ್ಕಿದ್ದರಲ್ಲಿ ತಿರುಗಿಸಿ ಸ್ಕ್ರೂ ತಲೆ ಕಚ್ಚಿಸಿದರೆ ಅಲ್ಲೇ ಬೆಲೆ ಬಿತ್ತು. ಸೈಡ್‌ಪ್ಲೇಟ್ ಬಿಚ್ಚಬೇಡಿ. ಮೊದಲು ಗುಂಡು ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ, ಇದನ್ನೂ ಹೇಳಬೇಕಾ?

ಪೊನ್ನಂಪೇಟೆ_ಬಾಯ್ಸ್:
ನಿಮ್ಮ ಜಗಳದ ಮಧ್ಯೆ ಒಂದು ಮಾತು. ಸ್ಮಿತ್, ಕೋಲ್ಟ್ ಎಲ್ಲ ಸರಿ, ಬ್ರಿಟಿಷ್ ವೆಬ್ಲಿ ರಿವಾಲ್ವರ್ ಮುಂದೆ ಇವೆಲ್ಲ ಏನೂ ಅಲ್ಲ. ಮೆಲ್ಬರ್ನ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಹತ್ತಿರ ಮಾರ್ಕ್ 6 ಇದೆ, .455, ಸಿಲಿಂಡರ್ ಮುಟ್ಟಿಲ್ಲ. ಅಮೆರಿಕಕ್ಕೆ ಬಂದವುಗಳಲ್ಲಿ ಎಷ್ಟೋ ರಿವಾಲ್ವರ್‌ಗಳನ್ನು .45 ಎಸಿಪಿ ಗುಂಡು ಹಾಕಲು ಸಿಲಿಂಡರ್ ಹಿಂಬದಿ ಕೆರೆದು ಹಾಳು ಮಾಡಿದ್ದಾರೆ. ನಮ್ಮ ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ತೋಕಿಗೆ (ಕೋವಿಗೆ) ಹೂವಿಟ್ಟು ಪೂಜೆ ಮಾಡುವಾಗ ಅದೂ ಒಂದು ಪಕ್ಕದಲ್ಲಿ ಇದ್ದಿದ್ದರೆ ಅನ್ನಿಸುತ್ತದೆ.

ಬೆಳಗಾವಿ_ಬೋರ್:
ಪೊನ್ನಂಪೇಟೆ ಅಣ್ಣಾ, ಕೊಡವರಿಗೆ ಇರುವ ವಿನಾಯಿತಿ ಲೈಸೆನ್ಸ್‌ಗೆ, 2029ರವರೆಗೆ. .455 ಇಂಡಿಯಾದಲ್ಲಿ ನಿಷೇಧಿತ ಬೋರ್ (ನಳಿಗೆ ಅಳತೆ). ಐನ್‌ಮನೆಗೆ ತರುವ ಆಸೆ ಬಿಡಿ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇರುವವರಿಗೂ ಮೂರರ ಬದಲು ಎರಡೇ ಬಂದೂಕು. ಇಲ್ಲಿ ನಮ್ಮಂಥವರಿಗೆ ಕಾನ್ಪುರದ .32 ಸಿಕ್ಕರೆ ಅದೇ ಭಾಗ್ಯ. ಅಮೆರಿಕದವರು 50 ವರ್ಷ ದಾಟಿದ್ದಕ್ಕೆ ಕ್ಯೂರಿಯೋ ಅಂತ ಬೇರೆ ಲೈಸೆನ್ಸ್ ಇಟ್ಟುಕೊಂಡು ಮೆರೀತಾರೆ. 1898 ಮತ್ತು ಅದಕ್ಕಿಂತ ಹಿಂದೆ ತಯಾರಾಗಿದ್ದರೆ ಅವರ ಕೇಂದ್ರ ಕಾನೂನಿನಲ್ಲಿ ಅದು ಆಂಟಿಕ್, ಬಂದೂಕೇ ಅಲ್ಲ.

ಪೊನ್ನಂಪೇಟೆ_ಬಾಯ್ಸ್:
ತರುತ್ತೇನೆ ಅಂತ ಯಾರು ಹೇಳಿದರು? ಆಸೆಗೂ ಲೈಸೆನ್ಸ್ ಬೇಕಾ?

ಹಾರ್ಟ್‌ಫರ್ಡ್_ಹೆಗಡೆ:
ಆಂಟಿಕ್ ಅಂದಿದ್ದಕ್ಕೆ ನೆನಪಾಯಿತು. ನನ್ನ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್ ಮೊದಲ ಪೀಳಿಗೆಯದು, ಏಳೂವರೆ ಇಂಚು, ಕಪ್ಪು ಮದ್ದಿನ ಫ್ರೇಮ್. ಅಂದರೆ ಬೇಸ್ ಪಿನ್ ಹಿಡಿಯುವ ಸ್ಕ್ರೂ ಮುಂದಿನಿಂದ ಓರೆಯಾಗಿ ಬರುತ್ತದೆ, ಪಕ್ಕದಿಂದ ಒತ್ತುವ ಗುಂಡಿ ಇಲ್ಲ. ಕೋಲ್ಟ್ ಆರ್ಕೈವ್ ಪತ್ರ ಸಮೇತ ಇದೆ. ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ತೇವ ಅಳೆಯುವ ಮೀಟರ್ ಇಟ್ಟಿದ್ದೇನೆ. ಫೋಟೋ ಬೇಕಾದವರು ಕೇಳಿ.

ಮಾಡರೇಟರ್:
ವೆಬ್ಲಿ, ಕೊಡಗು, ಗಾಜಿನ ಪೆಟ್ಟಿಗೆ ಎಲ್ಲಕ್ಕೂ ಬೇರೆ ಎಳೆ ಇದೆ. ಇಲ್ಲಿ .44 ವಿಷಯ ಮಾತ್ರ.

ಹಾಸನ_ಟು_ಟೆಕ್ಸಾಸ್:
ಹಿಡಿ ಬಿಚ್ಚಿದೆ. ಇನ್ನೊಂದು ಸ್ಕ್ರೂ ಇದೆ. ಮರದ ಒಳಗೆ ನಂಬರ್ ಮುದ್ರೆ ಇದೆ, ತಳದ್ದಕ್ಕೆ ಹೊಂದುತ್ತದೆ. ಸಿಲಿಂಡರ್ ಹಿಂದಿನದೂ ಹೊಂದುತ್ತದೆ. ಬ್ಯಾರೆಲ್ ಕೆಳಗೆ ಸರಿಯಾಗಿ ಕಾಣುತ್ತಿಲ್ಲ. ಇನ್ನೊಂದು ತೊಂದರೆ, ಮೊದಲೇ ಹೇಳಬೇಕಾಗಿರಲಿಲ್ಲ ಅಂದುಕೊಂಡಿದ್ದೆ. ರೇಂಜ್‌ನಲ್ಲಿ ಒಂದೆರಡು ಸುತ್ತು ಹೊಡೆದ ಮೇಲೆ ಸಿಲಿಂಡರ್ ಹೊರಗೆ ಬರಲ್ಲ. ಡೀಲರ್ ಮುಂದೆಯೂ ಮೊದಲು ಹಾಗೇ ಸಿಕ್ಕಿಕೊಂಡು ಆಮೇಲೆ ತೆರೆಯಿತು. ಅದಕ್ಕೂ ಸೇರಿಸಿ ಬೆಲೆ ಇಳಿಸಿದ.

ಹಾರ್ಟ್‌ಫರ್ಡ್_ಹೆಗಡೆ:
ನೋಡಿ, ನಾನು ಹೇಳಲಿಲ್ಲವಾ. ಕ್ರೇನ್ ಬೇರೆಯದು, ಅದಕ್ಕೇ ಕೂರುತ್ತಿಲ್ಲ.

ಬೆಳಗಾವಿ_ಬೋರ್:
ಹೆಗಡೆಯವರೇ, ಕ್ರೇನ್ ಬಿಡ್ರೀ ಮಾರಾಯ್ರೇ. ಎಜೆಕ್ಟರ್ ರಾಡ್ ಸಡಿಲ ಆಗಿದೆ ಅಷ್ಟೇ. ಆಗಿನ ರಾಡ್‌ಗೆ ಬಲಗೈ ಮರೆ (ಥ್ರೆಡ್), ಹೊಡೆದ ಹಾಗೆಲ್ಲ ಬಿಚ್ಚಿಕೊಂಡು ಮುಂದೆ ಬರುತ್ತದೆ. ತುದಿ ಮುಂದಿನ ಲಾಕ್‌ಗೆ ಒತ್ತಿಕೊಂಡು ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಕಂಪನಿಯವರೇ ಇದನ್ನು ನೋಡಿ 1960ರಲ್ಲಿ 29-1 ತಂದಾಗ ಎಡಗೈ ಮರೆ ಮಾಡಿದರು.

ಎನ್_ಫ್ರೇಮ್_ನಾಯಕ್:
ಬೆಳಗಾವಿಯವರು ಸರಿಯಾಗಿ ಹಿಡಿದರು. ಬಿಗಿ ಮಾಡುವಾಗ ಸಿಲಿಂಡರ್‌ನಲ್ಲಿ ಖಾಲಿ ಕೇಸ್ ಹಾಕಿಕೊಳ್ಳಿ. ಇಲ್ಲದಿದ್ದರೆ ಎಕ್ಸ್‌ಟ್ರ್ಯಾಕ್ಟರ್‌ನ ಸಣ್ಣ ಪಿನ್‌ಗಳ ಮೇಲೆ ಭಾರ ಬಿದ್ದು ತಿರುಚಿಕೊಳ್ಳುತ್ತದೆ. ರಾಡ್ ತುದಿಯನ್ನು ಇಕ್ಕಳದಿಂದ ನೇರ ಹಿಡಿಯಬೇಡಿ, ಚರ್ಮದ ತುಂಡು ಸುತ್ತಿ. ಧೈರ್ಯ ಇಲ್ಲದಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ, ಚಿಟಿಕೆಯಷ್ಟು ಕೆಲಸ. ನಿಜ ಹೇಳಬೇಕೆಂದರೆ ಐದು ಸ್ಕ್ರೂವಿನ ಮ್ಯಾಗ್ನಮ್ ಇಟ್ಟುಕೊಂಡು ಪೂರ್ತಿ ಲೋಡ್ ಹೊಡೆಯುವುದೇ ನನಗೆ ಇಷ್ಟವಿಲ್ಲ. ಅದಕ್ಕೆ ಹೊಸದು ಒಂದು ತಗೊಳ್ಳಿ.

ಹಾರ್ಟ್‌ಫರ್ಡ್_ಹೆಗಡೆ:
ಸರಿ, ನಂಬರ್ ವಿಷಯ ಪಕ್ಕಕ್ಕಿರಲಿ. ರೀಬ್ಲೂ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ಸುತ್ತಿಗೆ, ಟ್ರಿಗರ್ ಎರಡೂ ಕಂದು-ನೀಲಿ ಬಣ್ಣ ಬಣ್ಣವಾಗಿ ಇರಬೇಕು, ಅವೂ ಕಪ್ಪಗಿದ್ದರೆ ಯಾರೋ ಒಟ್ಟಿಗೆ ಅದ್ದಿದ್ದಾರೆ. ಸ್ಕ್ರೂ ತೂತಿನ ಸುತ್ತ ತಗ್ಗಾಗಿದೆಯಾ, ಪಕ್ಕದ ಮುದ್ರೆಯ ಅಂಚು ಮಸುಕಾಗಿದೆಯಾ ನೋಡಿ.

ಎನ್_ಫ್ರೇಮ್_ನಾಯಕ್:
ಇದು ಒಳ್ಳೆಯ ಪ್ರಶ್ನೆ. ಬೆಲೆಗೆ ನಂಬರ್‌ಗಿಂತ ಇದೇ ದೊಡ್ಡದು. ಮೂಲ ಬ್ಲೂ ತೆಳುವಾಗಿ ಸವೆದಿದ್ದರೂ ಪರವಾಗಿಲ್ಲ, ಹೊಳೆಯುವ ಹೊಸ ಬ್ಲೂ ಬೇಡ. ಪೆಟ್ಟಿಗೆ ಜೊತೆಗಿದ್ದರೆ ಇನ್ನೂ ಮೇಲೆ. ಆನ್‌ಲೈನ್‌ನಲ್ಲಿ ಜನ ಕೇಳುವ ಬೆಲೆ ನೋಡಬೇಡಿ, ಹರಾಜಿನಲ್ಲಿ ಮಾರಾಟವಾಗಿ ಮುಗಿದ ಬೆಲೆ ನೋಡಿ. ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ನಿಂದ ಪತ್ರ ತರಿಸಿ, ಯಾವ ದಿನ ಯಾರಿಗೆ ಹೋಯಿತು ಅಂತ ಬರುತ್ತದೆ. ಪತ್ರ ಬರುವ ತನಕ ಮಾರಬೇಡಿ.

ಹಾಸನ_ಟು_ಟೆಕ್ಸಾಸ್:
ರಾಡ್ ಬಿಗಿ ಮಾಡಿಸಿದೆ, ಈಗ ಸಿಲಿಂಡರ್ ಸಲೀಸು. ಸುತ್ತಿಗೆ ಬಣ್ಣ ಬಣ್ಣವಾಗೇ ಇದೆ. ಪೆಟ್ಟಿಗೆ ಇಲ್ಲ. ಡೀಲರ್‌ಗೆ ಫೋನ್ ಮಾಡಿ ಜೋಡಣೆ ನಂಬರ್ ವಿಷಯ ಹೇಳಿದರೆ, "ಹಾಗಾದರೆ ಸ್ವಲ್ಪ ಏರಿಸೋಣ ಬಾ" ಅಂದ. ಹೋಗಲ್ಲ. ಹಿಡಿ ತಳದಲ್ಲಿ ನಂಬರ್ ಆದ ಮೇಲೆ ಒಂದು ಚಿಕ್ಕ ನಕ್ಷತ್ರ ಇದೆ, ಅದೇನು?

ಹಾರ್ಟ್‌ಫರ್ಡ್_ಹೆಗಡೆ:
ಹಾಗಾದರೆ ರೀಬ್ಲೂ!

ಎನ್_ಫ್ರೇಮ್_ನಾಯಕ್:
ಕಾರ್ಖಾನೆಗೆ ಒಮ್ಮೆ ವಾಪಸ್ ಹೋಗಿ ಬಂದಿದೆ ಅಂತ ಅರ್ಥ. ರೀಬ್ಲೂ ಇರಬಹುದು, ಬ್ಯಾರೆಲ್ ಬದಲಾಗಿರಬಹುದು, ಬೇರೆ ರಿಪೇರಿಯೂ ಇರಬಹುದು. ಮರ ಬಿಚ್ಚಿದಾಗ ಎಡಗಡೆ ಉಕ್ಕಿನ ಮೇಲೆ ತಿಂಗಳು, ವರ್ಷ ಹೊಡೆದಿದ್ದಾರಾ ನೋಡಿ. ಬ್ಯಾರೆಲ್ ತಳದ ನಂಬರ್ ಇನ್ನೂ ನೀವು ಹೇಳಿಲ್ಲ. ಎರಡರ ಫೋಟೋ ಹಾಕಿ, ಆಮೇಲೆ ಬೆಲೆ ಮಾತಾಡೋಣ.

ಪೊನ್ನಂಪೇಟೆ_ಬಾಯ್ಸ್:
ಹೆಗಡೆಯವರೇ, ಆ ಸಿಂಗಲ್ ಆಕ್ಷನ್ ಫೋಟೋ ಎಲ್ಲಿ?

ಎನ್_ಫ್ರೇಮ್_ನಾಯಕ್:
ಹಾಸನದವರೇ, ಇದ್ದೀರಾ? ಬ್ಯಾರೆಲ್ ತಳ ನೋಡಿದ್ರಾ?